ಮಾಸ್ತರರು ಬಗ್ಗಿಸಿದ ಮುತ್ಯಾ

೧೯೮೬ರಲ್ಲಿ ನಾನು ಏಳನೆಯ ಇಯತ್ತೆಯ ಪರೀಕ್ಷೆಗೆ ಕೂಡದೆ ಶಾಲೆ ಬಿಟ್ಟೆ. ಶಹಾಬಾದಿನ ಖಣಿಯಲ್ಲಿ ಅಪ್ಪನ ಕಾಲಿನ ಮೇಲೆ ಕಲ್ಲು ಬಿದ್ದಿತ್ತು. ಮನೆಗೆ ಇನ್ನೊಂದು ಜೋಡಿ ಕೈ ಬೇಕಾಗಿತ್ತು, ಹೋದೆ. ಇದನ್ನು ಯಾರ ಮುಂದೆಯೂ ಕಣ್ಣೀರು ಹಾಕಿ ಹೇಳಿದವನಲ್ಲ ನಾನು. ನನ್ನ ಸಂಗಡ ಓದಿ ಮುಂದೆ ಹೋದವರ ಮನೆಗಳಿಗೂ ನಾನೇ ಫರಸಿ, ಅಂದರೆ ನೆಲದ ಕಲ್ಲು, ಹಾಸಿದ್ದೇನೆ. ಸೇಡಂ, ಚಿತ್ತಾಪುರ, ವಾಡಿ, ಚಂದಾಪುರದ ಕಚೇರಿಗಳು, ಎಲ್ಲಿ ಬೇಕಾದರೂ ಹೋಗಿ ಒಂದು ತಂಬಿಗೆ ನೀರು ಚೆಲ್ಲಿ ನೋಡಿರಿ. ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗುತ್ತದೆ.

ಆ ವರ್ಷ ನನ್ನನ್ನು ತಿರುಗಿ ಶಾಲೆಗೆ ಕರೆಯಲು ನಮ್ಮ ಓಣಿಗೆ ಬಂದವರು ರಾಚಪ್ಪ ಮಾಸ್ತರರು ಒಬ್ಬರೇ. ಬಂದದ್ದು ಎರಡೂ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ಆರು ಫೂಟಿನ ಆಳು, ಇಸ್ತ್ರಿ ಮಾಡಿದ ಬಿಳಿ ಪೈಜಾಮ, ಚಿತ್ತಾಪುರದ ಕಡೆಯ ಒಂದು ಹಳ್ಳಿಯ ಗೌಡರ ಮನೆತನ. ಗೌಡರು ಎದುರಿಗೆ ಬಂದರೆ ನಾವು ಚಪ್ಪಲಿ ಕೈಗೆ ತೆಗೆದುಕೊಂಡು ನಿಲ್ಲುವ ಕಾಲ ಹಳ್ಳಿಗಳಲ್ಲಿ ಇನ್ನೂ ಪೂರಾ ಹೋಗಿರಲಿಲ್ಲ. ಇಲ್ಲಿ ಗೌಡರ ಮಗನೇ ಹಾಗೆ ನಡೆದು ಬರುತ್ತಿದ್ದರೆ ಓಣಿಯ ಹೆಣ್ಣುಮಕ್ಕಳು ಬಾಗಿಲಿಗೆ ಬಂದು ನಿಂತು ನೋಡಿದರು. ಚಪ್ಪಲಿ ಹರಿದಿದೆಯೇನು ಎಂದು ಯಾರೋ ಕೇಳಿದ್ದಕ್ಕೆ, ಫರಸಿ ತಣ್ಣಗಿರುತ್ತದೆ, ಕಾಲಿಗೆ ಹಿತ ಎಂದಷ್ಟೇ ಅಂದರಂತೆ. ಹಾಸಿದ ಕಲ್ಲಿನ ಮೇಲೆ ಅವರು ಚಪ್ಪಲಿ ಮೆಟ್ಟಿ ನಡೆದದ್ದನ್ನು ನಾನು ಯಾವತ್ತೂ ಕಂಡಿಲ್ಲ.

ಅಂದು ನಮ್ಮ ಅಪ್ಪನ ಅಪ್ಪ, ನಮ್ಮ ಮುತ್ಯಾ ಸಾಯಬಣ್ಣ, ಅಂಗಳದಲ್ಲಿ ಬರಿ ಮೈಯಲ್ಲಿ ಕೂತಿದ್ದ. ಬಂದವರು ಯಾವ ಊರಿನವರು, ಯಾರ ಮಗ ಎಂದು ಕೇಳಿದ. ಮಾಸ್ತರರು ಹೇಳಿದರು. ಮುತ್ಯಾ ಕೂತಲ್ಲೇ ತಿರುಗಿ ಅವರಿಗೆ ಬೆನ್ನು ಕೊಟ್ಟ. ಆ ಬೆನ್ನಿನ ಮೇಲೆ ಎಡ ಭುಜದಿಂದ ಸೊಂಟದವರೆಗೆ ಬಾರುಕೋಲಿನ ಬರೆಗಳಿದ್ದವು. ನಾವು ದಿನಾ ನೋಡುತ್ತಿದ್ದುದರಿಂದ ನಮಗೆ ಅದು ಬೆನ್ನು ಅಷ್ಟೇ. ಮಾಸ್ತರರು ನೋಡುತ್ತ ನಿಂತರು. ಶಾಲೆಯ ಮಾತನ್ನು ತೆಗೆಯಲೇ ಇಲ್ಲ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಹೊರಟು ಹೋದರು.

ಶಾಲೆಯಲ್ಲಿ ಅವರು ಹೇಳುತ್ತಿದ್ದುದು ಇತಿಹಾಸ. ಕೈಯಲ್ಲಿ ಬೆತ್ತ ಇರುತ್ತಿರಲಿಲ್ಲ. ಹುಡುಗರು ಉತ್ತರವನ್ನು ಅರ್ಧಕ್ಕೆ ನಿಲ್ಲಿಸಿದರೆ ಮಾತ್ರ ಮುಖ ಕೆಂಪಗೆ ಮಾಡಿಕೊಂಡು, “ಅರ್ಧಾ ಹೇಳಿ ಕುಂದ್ರಬ್ಯಾಡಲೇ. ಸುಳ್ಳರೆ ಇರಲಿ, ಪೂರಾ ಹೇಳು” ಅನ್ನುತ್ತಿದ್ದರು. ಒಬ್ಬ ಹುಡುಗ ಕಿಟಕಿಯ ಗಾಜು ಒಡೆದು ಬೆಕ್ಕು ಒಡೆಯಿತು ಅಂದಾಗ, ಬೆಕ್ಕಿನ ಬಣ್ಣ ಯಾವುದು, ಅದು ಯಾರ ಮನೆಯದು, ಯಾಕೆ ಹಾರಿತು ಎಂದು ಕೇಳುತ್ತಾ ಹೋಗಿ, ಕಡೆಗೆ ಆ ಹುಡುಗನೇ ದಣಿದು ಖರೆ ಒಪ್ಪಿಕೊಳ್ಳುವಂತೆ ಮಾಡಿದ್ದರು. ಅವರ ಮೇಲೆ ನನಗಿದ್ದ ಭಕ್ತಿ ಅಂಥದು. ಅದಕ್ಕೇ ಈ ಸಿಟ್ಟು ಇಷ್ಟು ದೊಡ್ಡದು. ಪರಕೀಯರು ಮೋಸ ಮಾಡಿದರೆ ಎರಡು ಬೈಗುಳದಲ್ಲಿ ಮುಗಿಯುತ್ತದೆ.

ಮೂವತ್ತು ವರ್ಷಗಳಿಗೂ ಮೇಲೆ ಕಳೆದು, ಒಂದು ಭಾನುವಾರ ಅವರು ಶಹಾಬಾದಿನಲ್ಲಿರುವ ನನ್ನ ಕಲ್ಲಿನ ಅಂಗಡಿಗೆ ಬಂದರು. ನಿವೃತ್ತರಾಗಿ ಚಿತ್ತಾಪುರದಲ್ಲಿ ನೆಲೆಸಿದ್ದರು. ಮುತ್ಯಾ ತೀರಿಹೋಗಿ ಅಷ್ಟೊತ್ತಿಗೆ ಬಹಳ ವರ್ಷವಾಗಿತ್ತು. ಅವರು ಕುಶಲ ಕೇಳಲಿಲ್ಲ, ಕುರ್ಚಿ ಕೊಟ್ಟರೆ ಕೂಡಲಿಲ್ಲ.

“ಭೀಮಶಾ, ನಿಮ್ಮ ಮುತ್ಯಾನ ಬೆನ್ನ ನಾ ಇನ್ನಾ ಮರ್ತಿಲ್ಲಪಾ. ಕಾದಂಬರಿ ಬರ್ಯಾಕತ್ತೀನಿ. ಅದು ಹ್ಯಾಂಗ ಆಯ್ತು ಅಂತ ಪೂರಾ ಹೇಳು.”

ನಾನು ಪೂರಾ ಹೇಳಿದೆ. ನಿಜಾಮನ ಆಳ್ವಿಕೆಯ ಕೊನೆಯ ವರ್ಷಗಳು. ಮುತ್ಯಾನಿಗೆ ಆಗ ಹತ್ತೊಂಬತ್ತು ಇಪ್ಪತ್ತು. ಮಾಸ್ತರರ ಅಜ್ಜ, ಅಂದಿನ ದೊಡ್ಡ ಗೌಡ, ತನ್ನ ದೊಡ್ಡಮನೆ ವಾಡೆಯ ಅಂಗಳಕ್ಕೆ ಫರಸಿ ಹಾಸಲು ಇವನನ್ನು ಬಿಟ್ಟಿಗೆ ಹಿಡಿದ. ಬಿಟ್ಟಿ ಎಂದರೆ ಕೂಲಿ ಇಲ್ಲ, ಕೇಳುವ ಹಾಗೂ ಇಲ್ಲ. ಎರಡು ತಿಂಗಳು ಬಿಸಿಲಲ್ಲಿ ಹಾಸಿದ. ನೀರು ಇಳಿದು ಹೋಗಲೆಂದು ನೆಲಕ್ಕೆ ಕೊಡುವ ಇಳುಕಲಿಗೆ ನಮ್ಮ ಕೆಲಸದಲ್ಲಿ ಢಾಳ ಅನ್ನುತ್ತೇವೆ. ಅಂಗಳದ ಢಾಳ ಯಾವಾಗಲೂ ಹೊರಗಿನ ಮೋರಿಯ ಕಡೆಗೆ ಇರಬೇಕು. ಮುತ್ಯಾ ಅದನ್ನು ಒಳಗಿನ ಪಡಸಾಲೆಯ ಕಡೆಗೆ ಕೊಟ್ಟ. ಹತ್ತು ಫೂಟಿಗೆ ಒಂದು ಇಂಚು. ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ತಿಳಿಯುವುದಿಲ್ಲ. ಗೌಡ ಅದರ ಮೇಲೆ ಓಡಾಡಿ, ಕನ್ನಡಿಯ ಹಾಗೆ ಹಾಸಿದ್ದೀ ಎಂದು ಹೊಗಳಿ ಮೂರು ಸೇರು ಜೋಳ ಕೊಡಲು ಬಂದ, ಇವನು ಮುಟ್ಟಲಿಲ್ಲ. ಮಿರಗದ ಮೊದಲ ಮಳೆಗೆ ಇಡೀ ಅಂಗಳದ ನೀರು ಹೊಸ್ತಿಲು ದಾಟಿ ಪಡಸಾಲೆಗೆ ನುಗ್ಗಿತು. ಗಾದಿ, ಒರಗುವ ತಕ್ಕಿ, ಜೋಳದ ಚೀಲ ಎಲ್ಲ ತೊಯ್ದವು. ಮುತ್ಯಾನನ್ನು ವಾಡೆಯ ಮುಂದಿನ ಬೇವಿನ ಗಿಡಕ್ಕೆ ಕಟ್ಟಿ ಹೊಡೆದರು. ತೆಗೆದು ಸರಿಯಾಗಿ ಹಾಸುತ್ತೀಯೋ ಇಲ್ಲವೋ ಎಂದು ಕೇಳಿದ್ದಕ್ಕೆ ಅವನು ಹೇಳಿದ ಮಾತು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ:

“ಕೂಲಿ ಕೊಟ್ಟವ್ರಿಗಿ ನೀರು ಹೊರಗ ಹೋಗ್ತದ.”

ಬಿಚ್ಚಿದ ದಿನವೇ ಊರು ಬಿಟ್ಟು ಶಹಾಬಾದಿನ ಖಣಿಗೆ ಬಂದ. ಸಾಯುವ ತನಕ ಆ ಊರಿನ ಮಣ್ಣು ತುಳಿಯಲಿಲ್ಲ.

ಮಾಸ್ತರರು ಇದನ್ನು ನಿಂತೇ ಕೇಳಿದರು. ತಮ್ಮ ಅಜ್ಜನ ಹೆಸರು ಬಂದಾಗಲೂ ಮುಖ ಬೇರೆ ಕಡೆ ಮಾಡಲಿಲ್ಲ. ಆಮೇಲೆ ಸುಮಾರು ಎರಡು ವರ್ಷ ಭಾನುವಾರ ತಪ್ಪಿಸದೆ ಬಂದರು. ಚಿತ್ತಾಪುರದಿಂದ ವಾಡಿ, ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದು. ಬರೆದದ್ದನ್ನು ನನ್ನ ಅಂಗಡಿಯ ಮುಂದೆ ನಿಂತು ಓದುತ್ತಿದ್ದರು, ಯಾಕೆಂದರೆ ಕೆಲಸದ ವಿಷಯದಲ್ಲಿ ತಪ್ಪಾಗಬಾರದು. ಗಾಳಿಗೆ ಹಾಳೆ ಹಾರದಂತೆ ಎದೆಗೆ ಒತ್ತಿ ಹಿಡಿಯುವರು, ಓದಿ ಮುಗಿದದ್ದನ್ನು ನೆಲಕ್ಕಿಟ್ಟು ಮೇಲೊಂದು ಕಲ್ಲಿನ ಚೂರು ಇಡುವರು. ಎರಡು ಪೆನ್ನು. ಮಂದಿ ಹೇಳಿದ್ದೆಲ್ಲ ಕೆಂಪು, ತಾವು ಕಟ್ಟಿದ್ದೆಲ್ಲ ನೀಲಿ. ಯಾಕೆ ಎಂದು ಕೇಳಿದಾಗ, ನಾಳೆ ನನಗೇ ಯಾವುದು ಯಾವುದು ಎಂದು ಮರೆತುಹೋಗಬಾರದಲ್ಲ ಅಂದಿದ್ದರು.

ಕಾದಂಬರಿಯಲ್ಲಿ ಮುತ್ಯಾನ ಹೆಸರು ಹಣಮ್ಯಾ. ಮೊದಲ ಏಳೆಂಟು ಅಧ್ಯಾಯದ ಹಣಮ್ಯಾನನ್ನು ನೀವು ನೋಡಬೇಕಿತ್ತು. ನಗುತ್ತಾನೆ, ಉಗುಳುತ್ತಾನೆ, ಕರೆದರೆ ಹೋಗುವುದಿಲ್ಲ, ಕರೆಯದಿದ್ದರೆ ಹೋಗುತ್ತಾನೆ. ಢಾಳದ ಅಧ್ಯಾಯ ಓದಿದ ದಿನ ನನ್ನ ಕೆಲಸದವರು ಮಷೀನು ಬಂದ್ ಮಾಡಿ ಕೇಳಿದರು. ಬೇವಿನ ಗಿಡದ ಮಾತು ಬಂದಾಗ ಪಾಲಿಷ್ ಮಾಡುವ ಮೌಲಾಲಿ ಕಣ್ಣು ಒರೆಸಿಕೊಂಡು, ಕಲ್ಲಿನ ಧೂಳು ಹೋಯಿತು ಅಂದ. ಆ ಹಾಳೆಗಳು ಕೆಂಪಗಿದ್ದವು.

ಓದುವುದನ್ನು ಮರೆತಿದ್ದ ನನ್ನನ್ನು ಮತ್ತೆ ಓದಿಗೆ ಹಚ್ಚಿದವರೂ ಅವರೇ. ವಾರದ ಅಧ್ಯಾಯವನ್ನು ನನ್ನ ಬಳಿ ಬಿಟ್ಟು ಹೋಗಿ ಮುಂದಿನ ಭಾನುವಾರ ಒಂದು ಪುಟ ನನ್ನಿಂದ ಓದಿಸುತ್ತಿದ್ದರು. ಬಿಲ್ಲು, ಅಳತೆ ಬಿಟ್ಟರೆ ಬೇರೆ ಏನನ್ನೂ ಓದದವನು ನಾನು. ಬೆರಳಿಟ್ಟು ಓದುತ್ತಿದ್ದೆ, ನನ್ನ ಹೆಣ್ಣುಮಕ್ಕಳು ನಗುತ್ತಿದ್ದರು. ಒಂದು ವರ್ಷದಲ್ಲಿ ಬೆರಳು ತೆಗೆದೆ. ಅವರು ಕಲಿಸಿದ ಓದಿನಿಂದಲೇ ಅವರನ್ನು ಹಿಡಿದೆ ಎಂಬುದನ್ನು ಇಲ್ಲಿ ಬರೆದಿಡಬೇಕು.

ಮೊದಮೊದಲು ಹೇಳಿದರೆ ಕೇಳುತ್ತಿದ್ದರು. ಒಂದು ಅಧ್ಯಾಯದಲ್ಲಿ, ಬಿಸಿಲಲ್ಲಿ ಹಾಸುತ್ತಿದ್ದ ಹಣಮ್ಯಾನಿಗೆ ಗೌಡರ ಮಗಳು ಹೊರಗೆ ಬಂದು ಕುಡಿಯಲು ನೀರು ಕೊಡುತ್ತಾಳೆ. ನೀಲಿ ಹಾಳೆ. ನಾನು ಉಳಿ ಕೆಳಗಿಟ್ಟು, “ಯಾವ ಲೋಟದಾಗ ಕೊಟ್ಳು ಸರ?” ಎಂದು ಕೇಳಿದೆ. ಮುಂದಿನ ವಾರ ಲೋಟ ಹೋಗಿತ್ತು. ಅವಳು ಮೇಲಿನಿಂದ ಸುರಿದಳು, ಇವನು ಬೊಗಸೆಯಲ್ಲಿ ಕುಡಿದ. ಅದರ ಮುಂದಿನ ವಾರ ಹುಡುಗಿಯೇ ಹೋಗಿದ್ದಳು. ಇಷ್ಟು ಖರೆ ಮನುಷ್ಯ ಅವರು.

ಅಂಥವರು ಯಾವಾಗ ಕೆಟ್ಟರು ಎಂದು ನಾನು ಬಹಳ ಸಲ ಲೆಕ್ಕ ಹಾಕಿದ್ದೇನೆ. ಹಣಮ್ಯಾ ಊರು ಬಿಟ್ಟು, ನಿಜಾಮನ ವಿರುದ್ಧ ಹೋರಾಡುವವರ ಗಡಿಯ ಶಿಬಿರಕ್ಕೆ ಸೇರಿಕೊಳ್ಳುವ ಅಧ್ಯಾಯದಿಂದ ಅವನ ಹೆಸರು ಹಣಮಂತ ಆಯಿತು. ಸರಿ, ಶಿಬಿರದಲ್ಲಿ ನಾಲ್ಕು ಮಂದಿ ಮರ್ಯಾದೆಯಿಂದ ಕರೆದಿರಬಹುದು ಅಂದುಕೊಂಡೆ. ಅಲ್ಲಿ ಅವನು ಅಕ್ಷರ ಕಲಿತ. ಭಾಷಣ ಕೇಳಿದ. ಬೀಡಿ ಬಿಟ್ಟ. ಉಗುಳುವುದನ್ನೂ ಬಿಟ್ಟ. ಯಾರಾದರೂ ಗೌಡನನ್ನು ಬೈದರೆ ಸುಮ್ಮನೆ ಆಕಾಶ ನೋಡತೊಡಗಿದ. ಹದಿನೇಳನೆಯ ಅಧ್ಯಾಯಕ್ಕೆ ಬಂದಾಗ ಅವನು ಹಣಮಂತರಾಯ. ಮೆತ್ತಗಾದಷ್ಟೂ ಹೆಸರು ಉದ್ದವಾಗುತ್ತಿತ್ತು. ನನ್ನ ಮುತ್ಯಾನನ್ನು ಸಾಯುವ ತನಕ ಊರ ಮಂದಿ ಸಾಯಬ್ಯಾ ಅಂದೇ ಕರೆದದ್ದು, ಅವನು ತಿರುಗಿ ಬೈಯದೆ ಬಿಟ್ಟ ದಿನವಿಲ್ಲ.

ಅದೇ ಅಧ್ಯಾಯದಿಂದ ಎರಡು ಪೆನ್ನು ಹೋದವು. ಒಂದೇ ಕಪ್ಪು ಪೆನ್ನು ಬಂತು. ನಾನು ನೋಡಿದೆ, ಬಾಯಿ ಬಿಡಲಿಲ್ಲ. ಆಗ ಬಿಡಬೇಕಿತ್ತು.

ಇಪ್ಪತ್ತೆರಡನೆಯ ಅಧ್ಯಾಯ ಕೊನೆಯದು. ಅದನ್ನು ಓದುವಾಗ ಅವರ ಕಣ್ಣು ಹಾಳೆ ಬಿಟ್ಟು ಮೇಲೆ ಬರಲಿಲ್ಲ. ನಿಜಾಮನ ಆಳ್ವಿಕೆ ಮುಗಿದಿದೆ. ಹಣಮಂತರಾಯ ತನ್ನ ಊರಿಗೆ ಬರುತ್ತಾನೆ. ಮುದುಕನಾದ ದೊಡ್ಡ ಗೌಡ ಹಾಸಿಗೆ ಹಿಡಿದಿದ್ದಾನೆ. ಇವನು ಅವನ ಕಾಲು ಮುಟ್ಟಿ, ಹುಡುಗಬುದ್ಧಿಯಲ್ಲಿ ಕೈ ತಪ್ಪಿತು, ಢಾಳ ತಿಳಿಯಲಿಲ್ಲ, ಮನಸ್ಸಿನಲ್ಲಿ ವಿಷ ಇದ್ದವನ ಕೈಗೆ ಮಟ್ಟ ಹತ್ತುವುದಿಲ್ಲ ಅನ್ನುತ್ತಾನೆ. ಗೌಡ ಅವನ ತಲೆಯ ಮೇಲೆ ಕೈ ಇಡುತ್ತಾನೆ. ಮರುದಿನ ಹಣಮಂತರಾಯ ಒಬ್ಬನೇ ಅಂಗಳದ ಕಲ್ಲನ್ನೆಲ್ಲ ಎಬ್ಬಿಸಿ ಸರಿಯಾಗಿ ಹಾಸಿಕೊಡುತ್ತಾನೆ. ನೀರು ಹೊರಗೆ ಹೋಗುತ್ತದೆ. ಕಾದಂಬರಿ ಮುಗಿಯುತ್ತದೆ.

ಮೌಲಾಲಿ ಎದ್ದು ಹೋಗಿ ಮಷೀನು ಚಾಲೂ ಮಾಡಿದ. ನಾನೇ ಹೋಗಿ ಬಂದ್ ಮಾಡಿಸಿದೆ.

“ಸರ, ಗಚ್ಚಿನಾಗ ಕುಂತ ಫರಸಿ ಒಂದ್ ದಿನದಾಗ ಒಬ್ಬಾಂವ ಎಬ್ಬಿಸ್ತಾನೇನು? ಹತ್ತರಾಗ ಎಂಟ ಒಡೀತಾವ. ಅದು ಹೋಗ್ಲಿ. ಅಂವನ ತಲಿ ನೀವು ಬಗ್ಸೀರಿ. ಬಗ್ಸಿದ್ದು ಸಾಲಲಾರ್ದಕ್ಕ ಅಂವನ ಕೈನೂ ಕೆಡಸೀರಿ. ನಮ್ಮ ಮುತ್ಯಾಗ ಢಾಳ ತಿಳೀತಿರಲಿಲ್ಲ ಅಂತ ಬರದೀರಿ.”

ಮಾಸ್ತರರು ಹಾಳೆ ಜೋಡಿಸುತ್ತಾ, ಹೀಗೆಯೇ ಆಯಿತು ಎಂದು ತಮ್ಮ ತಂದೆ ಹೇಳುತ್ತಿದ್ದರು, ಅವನು ಬಂದು ತಪ್ಪೊಪ್ಪಿಕೊಂಡು ಹಾಸಿಕೊಟ್ಟ ಎಂದು ಮನೆಯಲ್ಲಿ ಮಾತಿದೆ ಅಂದರು. ಒಬ್ಬ ಮನುಷ್ಯ ಕೊನೆತನಕ ಸಿಟ್ಟಿನಲ್ಲೇ ಇದ್ದರೆ ಓದುವವರಿಗೆ ಅವನು ಬೆಳೆದ ಹಾಗೆ ಕಾಣುವುದಿಲ್ಲ, ಪಾತ್ರ ಬದಲಾಗಬೇಕು ಎಂದೂ ಅಂದರು.

“ನಿಮ್ಮ ಮುತ್ಯಾ ಯಾಕ ಬದಲಾಗಲಿಲ್ಲ ಸರ? ಇಪ್ಪತ್ತೆರಡ ಅಧ್ಯಾಯದಾಗ ಅಂವಗ ಎಲ್ಲೀನೂ ಬುದ್ಧಿ ಬರಲಿಲ್ಲಲ್ಲ. ಬರೇ ನಮ್ಮಾಂವಗೇ ಬಂತು.”

ನಾನು ಅಂಗಡಿಗೆ ಕೀಲಿ ಹಾಕಿದೆ. ಅಂಗಳ ಇನ್ನೂ ಇದೆಯಲ್ಲ, ಹೋಗಿ ನೀರು ಹಾಕಿ ನೋಡೋಣ ಬರ್ರಿ ಅಂದೆ. ಮುತ್ಯಾ ಬಿಟ್ಟ ಊರಿಗೆ ನಮ್ಮ ಮನೆಯಿಂದ ಯಾರೂ ಹೋದವರಲ್ಲ. ನನ್ನ ಮೋಟಾರ್ ಸೈಕಲ್ಲಿನ ಹಿಂದೆ ಮಾಸ್ತರರನ್ನು ಕೂರಿಸಿಕೊಂಡು ನಾನೇ ಮೊದಲು ಹೋದೆ.

ವಾಡೆಯ ಅರ್ಧ ಬಿದ್ದಿತ್ತು. ಉಳಿದ ಅರ್ಧದಲ್ಲಿ ಮಾಸ್ತರರ ತೀರಿಹೋದ ಅಣ್ಣನ ಹೆಂಡತಿ ನೀಲಮ್ಮ ಗೌಡತಿ ಇದ್ದರು. ಎಂಬತ್ತರ ಹತ್ತಿರದ ಹೆಂಗಸು, ಸೊಂಟ ಬಾಗಿದೆ, ಬಾಯಿ ಬಾಗಿಲ್ಲ. ನಾವು ಬಂದ ಕಾರಣ ಹೇಳದೆ ನಾನು ಒಂದು ಕೊಡ ನೀರು ಬೇಡಿದೆ. ಅಂಗಳದ ನಟ್ಟ ನಡುವೆ ನಿಂತೆ. ಕಲ್ಲುಗಳು ಹಾಗೆಯೇ ಇದ್ದವು. ಎಂಥ ಸಂದು ಅದು, ಬ್ಲೇಡು ತೂರುವುದಿಲ್ಲ. ಒಂದು ಕಲ್ಲನ್ನೂ ಯಾರೂ ಎಬ್ಬಿಸಿರಲಿಲ್ಲ. ಎಬ್ಬಿಸಿದ ನೆಲ ಯಾವುದು, ಎಬ್ಬಿಸದ ನೆಲ ಯಾವುದು ಎಂದು ನನಗೆ ಯಾರೂ ಹೇಳಬೇಕಾಗಿಲ್ಲ. ಆದರೂ ಮಾಸ್ತರರಿಗೆ ತೋರಿಸಬೇಕಾಗಿತ್ತು. ಕೊಡ ಬಗ್ಗಿಸಿದೆ.

ನೀರು ಒಂದು ಗಳಿಗೆ ಸುಮ್ಮನೆ ನಿಂತು, ಆಮೇಲೆ ಪಡಸಾಲೆಯ ಕಡೆ ಹೊರಟಿತು. ಅವಸರ ಇಲ್ಲ, ಎಲ್ಲಿಯೂ ನಿಲ್ಲಲಿಲ್ಲ, ಹೊಸ್ತಿಲ ಹತ್ತಿರ ಹೋಗಿ ಒಳಗೆ ಇಳಿಯಿತು.

“ಅಯ್ಯ, ಏನ್ ಮಾಡ್ತೀಯೋ ತಮ್ಮಾ” ಅಂದರು ಗೌಡತಿ. “ಈ ಅಂಗಳದ ನೀರು ಒಳಗೇ ಬರ್ತದ. ಲಗ್ನ ಆಗಿ ಬಂದಾಗಿಂದ ನಾ ಬಳ್ಯಾಕತ್ತೀನಿ. ನಮ್ಮತ್ತಿ ಬಳದು ಬಳದು ಸತ್ಲು. ಯಾವ ಕೆಲಸಗೇಡಿ ಹಾಸ್ಯಾನೋ, ಢಾಳನೇ ತಿಳೀದಾಂವ.”

ಇಷ್ಟು ವರ್ಷ ಈ ಮನೆಯಲ್ಲಿ ನಮ್ಮ ಮುತ್ಯಾ ಒಬ್ಬ ಕೆಲಸಗೇಡಿ. ಹೊಡೆದವನು ತನ್ನ ಸೊಸೆಯರಿಗೆ ಹೇಳಿದ್ದು ಅಷ್ಟೇ. ಬೆನ್ನಿನ ಬೆಲೆ ತೆತ್ತು ಮುತ್ಯಾ ಆಡಿದ ಆ ಕೂಲಿಯ ಮಾತು ಈ ಹೊಸ್ತಿಲು ದಾಟಿಯೇ ಇರಲಿಲ್ಲ. ಅದನ್ನು ದಾಟಿಸಲು ಇದ್ದದ್ದು ಆ ಕಾದಂಬರಿ ಒಂದೇ.

ನಾನು ಅವರಿಗೆ ಎಲ್ಲ ಹೇಳಿದೆ, ಯಾರು ಹಾಸಿದ, ಯಾಕೆ ಹಾಗೆ ಹಾಸಿದ, ಬೇವಿನ ಗಿಡ ಎಲ್ಲಿತ್ತು. ಮಾಸ್ತರರು ಕಂಬ ಹಿಡಿದು ನಿಂತಿದ್ದರು. ಗೌಡತಿ ಕೇಳಿ ಮುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದ ಮಾತು ಇದು:

“ಹೊಡದಾಂವ ಗೌಡ, ಹಾಸಿದಾಂವ ನಿಮ್ಮ ಮುತ್ಯಾ, ಸೀರಿ ತೊಯಿಸಿಕೊಂಡಾಕಿ ನಾ. ಇದನ್ನ ಬರೀತೀರೇನು ನೀವು ಇಬ್ಬರೂ?”

ಆಮೇಲೆ ಗೌಡತಿ ನನ್ನ ಕಡೆ ತಿರುಗಿ, ನೀನೂ ಅದೇ ಕೆಲಸದವನಲ್ಲ, ಇದನ್ನು ತೆಗೆದು ಸರಿ ಮಾಡಿಕೊಡು ಅಂದರು. ನಾನು ಅದನ್ನು ಮಾಡಿದರೆ ಕಾದಂಬರಿಯ ಸುಳ್ಳು ಖರೆ ಆಗುತ್ತಿತ್ತು. ಮಾಡದಿದ್ದರೆ ಎಂಬತ್ತರ ಹೆಂಗಸು ಮುಂದಿನ ಮಳೆಗಾಲವೂ ಬಗ್ಗಿ ನೀರು ಬಳಿಯಬೇಕಿತ್ತು. ಮುಂದಿನ ವಾರ ಉಳಿ, ಸುತ್ತಿಗೆ ತಂದು, ಮುತ್ಯಾ ಹಾಸಿದ ಒಂದು ಕಲ್ಲನ್ನೂ ಅಲುಗಿಸದೆ, ಹೊಸ್ತಿಲ ಮುಂದೆ ನಾಲ್ಕು ಬೆರಳು ಅಗಲದ ಕಾಲುವೆ ಕಡಿದು ನೀರನ್ನು ಪಕ್ಕದ ಗೋಡೆಯ ಬುಡದಿಂದ ಹೊರಗೆ ಬಿಟ್ಟೆ. ಢಾಳ ಒಳಗೇ ಇದೆ. ಸೀರೆ ತೊಯ್ಯುವುದಿಲ್ಲ. ಒಂದು ದಿನದ ಕೂಲಿ ಕೇಳಿದೆ, ಗೌಡತಿ ಕೊಟ್ಟರು, ತೆಗೆದುಕೊಂಡೆ. ಆ ವಾಡೆಯಲ್ಲಿ ನಮ್ಮ ಮನೆಯವರು ತೆಗೆದುಕೊಂಡ ಮೊದಲ ಕೂಲಿ.

ನೀರು ಹಾಕಿದ ದಿನ ವಾಪಸು ಬರುವಾಗ ಮಾಸ್ತರರು ನನ್ನ ಹೆಗಲು ಹಿಡಿದು, ಕೊನೆಯ ಅಧ್ಯಾಯವನ್ನು ಹರಿದು ಹೊಸದಾಗಿ ಬರೆಯುತ್ತೇನೆ ಅಂದಿದ್ದರು. ನಂಬಿದೆ. ಸುಳ್ಳರೆ ಇರಲಿ ಪೂರಾ ಹೇಳು ಎಂದು ಕಲಿಸಿದವರು ಅರ್ಧಕ್ಕೆ ನಿಲ್ಲುತ್ತಾರೆ ಎಂದು ಯಾರು ಅಂದುಕೊಳ್ಳುತ್ತಾರೆ?

ಪುಸ್ತಕ ಬಂತು. ಚಿತ್ತಾಪುರದಲ್ಲಿ ಬಿಡುಗಡೆ. ನನಗೂ ಸನ್ಮಾನ ಇದೆ, ಬರಲೇಬೇಕು ಎಂದು ಮಾಸ್ತರರ ಅಣ್ಣನ ಮಗ ಫೋನು ಮಾಡಿದ. ಅಚ್ಚಿನ ಖರ್ಚು ಅವನದೇ ಎಂದು ಆಮೇಲೆ ತಿಳಿಯಿತು. ಒಗೆದ ಅಂಗಿ ಹಾಕಿಕೊಂಡು, ಮೌಲಾಲಿಯನ್ನೂ ಕರೆದುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಪುಸ್ತಕ ಕೈಗೆ ಬಂದ ಕೂಡಲೇ ಕೊನೆಯಿಂದ ತೆಗೆದೆ. ಹಣಮಂತರಾಯ ಗೌಡನ ಕಾಲು ಹಿಡಿದೇ ಇದ್ದ. ಒಂದು ಅಕ್ಷರ ಬದಲಾಗಿರಲಿಲ್ಲ.

ಅಷ್ಟರಲ್ಲಿ ಹೊರಗಿನಿಂದ ಬಂದ ಪ್ರೊಫೆಸರರು ಭಾಷಣ ಶುರು ಮಾಡಿದ್ದರು. ಈ ಕಾದಂಬರಿಯ ಹೆಚ್ಚುಗಾರಿಕೆ ನಾಯಕನ ಬೆಳವಣಿಗೆಯಲ್ಲಿದೆ ಅಂದರು. ಮೊದಲಿಗೆ ಅವನೊಬ್ಬ ಒರಟ ಬಂಡುಕೋರ, ದ್ವೇಷವಲ್ಲದೆ ಬೇರೆ ತಿಳಿಯದ ಎಳೆಯ. ಹೋರಾಟ ಅವನನ್ನು ಮಾಗಿಸುತ್ತದೆ, ಅಕ್ಷರ ಅವನನ್ನು ತಿದ್ದುತ್ತದೆ, ಕ್ಷಮೆ ಅವನನ್ನು ಮನುಷ್ಯನನ್ನಾಗಿ ಮಾಡುತ್ತದೆ. ಸಭೆ ಚಪ್ಪಾಳೆ ತಟ್ಟಿತು. ಬೆಳವಣಿಗೆ ಎಂಬ ಆ ಪದವನ್ನು ಅವರು ಬಾಯಿತುಂಬ ಅನ್ನುತ್ತಿದ್ದರೆ ನನಗೆ ಬಾರುಕೋಲಿನ ಸಪ್ಪಳ ಕೇಳಿಸುತ್ತಿತ್ತು. ಹೊಡೆಸಿಕೊಂಡವನು ಹೊಡೆದವನ ಕಾಲು ಹಿಡಿದರೆ ಬೆಳೆದ, ಹಿಡಿಯದಿದ್ದರೆ ಕಡೆತನಕ ಎಳೆಯ. ಹೊಡೆದವನು ಏನೂ ಮಾಡಬೇಕಾಗಿಲ್ಲ. ಹಾಸಿಗೆಯಲ್ಲಿ ಮಲಗಿ ತಲೆಯ ಮೇಲೆ ಕೈ ಇಟ್ಟರೆ ಸಾಕು, ಅವನೂ ದೊಡ್ಡವನೇ.

ಆಮೇಲೆ ನನ್ನ ಹೆಸರು ಕರೆದರು. ಶಾಲು, ಹಾರ ಹಿಡಿದು ನಿಂತಿದ್ದರು. ನಾನು ಏಳಲಿಲ್ಲ. ಎರಡನೆಯ ಸಲ ಕರೆದಾಗ ಎದ್ದೆ, ಬಾಗಿಲ ಕಡೆ ನಡೆದೆ. ಮೌಲಾಲಿ ಹಿಂದಿನಿಂದ, “ಅಣ್ಣಾ, ಶಾಲರೆ ತಗೊಂಡ್ ಬಾ, ಮಷೀನಿಗಿ ಹೊಚ್ಚಾಕ ಬರ್ತದ” ಅಂದ. ಸಾಲಿನಲ್ಲಿದ್ದ ನಾಲ್ಕು ಮಂದಿ ನಕ್ಕರು, ನನಗೆ ನಗು ಬರಲಿಲ್ಲ. ವೇದಿಕೆಯ ಮೇಲಿದ್ದ ಮಾಸ್ತರರು ನನ್ನನ್ನು ನೋಡಿದ್ದು ಗೊತ್ತು. ಕರೆಯಲಿಲ್ಲ.

ಭಾನುವಾರ ಬರುವುದು ನಿಂತಿತು. ನಾನೂ ಹೋಗಲಿಲ್ಲ. ವರ್ಷದ ಮೇಲೆ ಒಂದು ದಿನ, ಭಾನುವಾರವೂ ಅಲ್ಲ, ನಡು ವಾರ, ಅಂಗಡಿಗೆ ಬಂದರು. ಬಹಳ ಇಳಿದಿದ್ದರು. ಪೈಜಾಮ ಜೋಲುತ್ತಿತ್ತು. ಹೇ‌ಳದೆಯೇ ಒಂದು ಫರಸಿಯ ಮೇಲೆ ಕೂತರು. ಅವರು ಅಲ್ಲಿ ಕೂತದ್ದನ್ನು ನೋಡಿದ್ದು ಅದೇ ಮೊದಲು. ನಾನು ಚಹಾ ಹೇಳಲಿಲ್ಲ. ಅದನ್ನು ಮುಚ್ಚಿಡುವುದಿಲ್ಲ.

ಚೀಲದಿಂದ ಆ ಪುಸ್ತಕ ತೆಗೆದು ಕೊಟ್ಟರು. ಕೊನೆಯ ಅಧ್ಯಾಯದ ಅಚ್ಚಿನ ಹಾಳೆಗಳನ್ನು ಬ್ಲೇಡಿನಿಂದ ಕೊಯ್ದು ತೆಗೆದಿದ್ದರು. ಆ ಜಾಗದಲ್ಲಿ ಕೈಯಿಂದ ಬರೆದ ಹಾಳೆಗಳನ್ನು ಸೂಜಿ ದಾರ ಹಾಕಿ ಹೊಲಿದಿದ್ದರು. ಅಲ್ಲಿಯೇ ನಿಂತು ಓದಿದೆ. ಹಣಮ್ಯಾ, ಹಣಮ್ಯಾ ಅಂತಲೇ ಇತ್ತು. ಊರಿಗೆ ಬರುವುದಿಲ್ಲ. ಮುದುಕನಾಗಿ ಖಣಿಯ ಮುಂದೆ ಕೂತಿದ್ದಾನೆ, ಗೌಡರ ಮನೆಯಿಂದ ಒಬ್ಬ ಬರುತ್ತಾನೆ, ಇವನು ಬೆನ್ನು ತಿರುಗಿಸುತ್ತಾನೆ. ಅತ್ತ ವಾಡೆಯಲ್ಲಿ ಹೊಸದಾಗಿ ಬಂದ ಸೊಸೆಯೊಬ್ಬಳು ಸೀರೆ ಎತ್ತಿ ಕಟ್ಟಿ ಮೊದಲ ಮಳೆಯ ನೀರು ಬಳಿಯುತ್ತಿದ್ದಾಳೆ. ಗೌಡತಿಯ ಮಾತನ್ನೂ ಬಿಟ್ಟಿರಲಿಲ್ಲ. ಅವರು ಬರೆದದ್ದರಲ್ಲೆಲ್ಲ ಅದಕ್ಕಿಂತ ಚಲೋ ನಾನು ಓದಿಲ್ಲ.

“ಇದು ಪೂರಾ ಅದ, ಭೀಮಶಾ” ಅಂದರು.

“ಎಷ್ಟ ಮಂದಿಗಿ ಕೊಟ್ರಿ ಸರ, ಇಂಥಾದ್ದು?”

“ನಿನಗ ಒಬ್ಬಂವಗೇ. ಅಣ್ಣನ ಮಕ್ಕಳ ಮುಂದ ನನಗ ಬಾಯಿ ಬರಲಿಲ್ಲಪಾ. ಮನೀ ಹೆಸರು ಅಂದ್ರು.”

“ನನ್ನ ಮುಂದ ಮುತ್ಯಾ ಮೊದಲೇ ನಿಂತಿದ್ದ ಸರ. ಊರ ಮುಂದ ನಿಂದರಸಬೇಕಿತ್ತು ನೀವು.”

ಅವರು ತಲೆ ಆಡಿಸಿದರು. ಹೌದು ಅಂದರೋ, ಸಾಕು ಅಂದರೋ ತಿಳಿಯಲಿಲ್ಲ. ನಾನು ಮಷೀನು ಚಾಲೂ ಮಾಡಿದೆ. ಆ ಸಪ್ಪಳದಲ್ಲಿ ಅವರು ಇನ್ನೇನೋ ಅಂದರು, ಕೇಳಲಿಲ್ಲ, ನಿಲ್ಲಿಸಿ ಕೇಳಲೂ ಇಲ್ಲ. ತಿರುಗಿ ನೋಡಿದಾಗ ಸ್ಟೇಷನ್ನಿನ ದಾರಿಯಲ್ಲಿ ದೂರ ಹೋಗಿದ್ದರು.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಕುಂಚಾವರಂ ಕಡೆಯ ಒಂದು ಶಾಲೆಗೆ ನೆಲ ಹಾಸುತ್ತಿದ್ದೆ. ಕಲಸಿದ ಸಿಮೆಂಟು ಗಟ್ಟಿಯಾಗುತ್ತದೆಂದು ಆ ಸಾಲು ಮುಗಿಸಿ ಹೊರಟೆ. ಚಿತ್ತಾಪುರ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮಂದಿ ಚದುರಿದ್ದರು. ಹದಿನೈದು ದಿನ ಬಿಟ್ಟು ಆ ಪುಸ್ತಕ ಹಿಡಿದು ಅಣ್ಣನ ಮಗನ ಮನೆಗೆ ಹೋದೆ. ಇನ್ನೊಮ್ಮೆ ಅಚ್ಚು ಹಾಕಿಸಿರಿ, ಖರ್ಚು ನಾನು ಕೊಡುತ್ತೇನೆ, ಕೊನೆ ಮಾತ್ರ ಹೀಗಿರಲಿ ಅಂದೆ. ಅವನು ಹಾಳೆ ತಿರುವಿ ನೋಡಿ, ಕಾಕಾಗೆ ಕೊನೆಗೆ ಬುದ್ಧಿ ಸ್ಥಿರ ಇರಲಿಲ್ಲ, ಪುಸ್ತಕ ಲೈಬ್ರರಿಗಳಿಗೆಲ್ಲ ಹೋಗಿಯಾಗಿದೆ, ಈಗ ಯಾಕೆ ಕೆದಕುವುದು ಎಂದು ಮಡಚಿ ವಾಪಸು ಕೊಟ್ಟ. ಬುದ್ಧಿ ಸ್ಥಿರ ಇಲ್ಲದವರು ಬರೆದದ್ದಲ್ಲ ಅದು. ಅವರು ಸ್ಥಿರ ಇದ್ದದ್ದೇ ಆ ಹಾಳೆಗಳಲ್ಲಿ. ಅಷ್ಟು ಹೇಳಿ ಎದ್ದು ಬಂದೆ.

ಮಾಸ್ತರರ ಮೇಲಿನ ಸಿಟ್ಟು ಹೋಗಿಲ್ಲ. ಇದನ್ನು ಬರೆದು ಬೆರಳಿಡದೆ ಓದಿ ನೋಡಿದ್ದೇನೆ, ಅದು ಅವರ ಋಣ. ಈಗ ನನ್ನ ಬಳಿ ಇರುವುದು ಇಷ್ಟು: ಶಹಾಬಾದಿನಲ್ಲಿ ಒಂದು ಅಂಗಡಿ, ಕೊಯ್ಯುವ ಮಷೀನು ಒಂದು, ಪಾಲಿಷ್ ಮಷೀನು ಎರಡು, ಕೆಲಸದವರು ಐದು ಮಂದಿ, ಮೂರು ಕೋಣೆಯ ಮನೆ, ಇಬ್ಬರು ಹೆಣ್ಣುಮಕ್ಕಳು, ಒಂದು ಪುಸ್ತಕ. ಅದರಲ್ಲಿ ಅಚ್ಚಿನ ಅಧ್ಯಾಯ ಇಪ್ಪತ್ತೊಂದು, ಕೈಬರಹದ ಹಾಳೆ ಒಂಬತ್ತು.